ಗಾಳಿಗೆ ಇಟ್ಟ ಕಲ್ಲು

ಭಾರತಿ ರೊಟ್ಟಿ ಬಡಿಯುತ್ತಿದ್ದಳು. ಎಂಟು ಗಂಟೆಯೊಳಗೆ ಡಬ್ಬಿ ತುಂಬಿ ಗಾಡಿಗೆ ಏರಿಸಬೇಕು, ಹತ್ತಕ್ಕೆಲ್ಲ ಹೊಳೆಯಾಚೆಯ ಖಾನಾವಳಿಗೆ ಮುಟ್ಟಿಸಬೇಕು. ಮಗಳು ಮಲ್ಲಿ ಬಿಚ್ಚಿದ ಜಡೆಯಲ್ಲೇ ಬಂದು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಅವ್ವಾ, ಒಂದ್ ಮಾತು ಕೇಳ್ಲೇನು?”

“ತಡಿಯವ್ವ, ಹಂಚು ಕಾದದ. ಆಮ್ಯಾಲೆ ಕೇಳೀಯಂತ.”

ಅಷ್ಟರಲ್ಲಿ ಜೊತೆಗೆ ರೊಟ್ಟಿ ಬಡಿಯಲು ಬರುವ ಚಾಂದಬೀ ಚಪ್ಪಲಿ ಕಳಚುತ್ತಲೇ ಸುದ್ದಿ ಬಿಚ್ಚಿದಳು.

“ಏನ್ ಭಾರತಿ, ನಿಮ್ಮ ಮೇಸ್ತ್ರಿಗೆ ಹೊಸಾ ಶಾಗಿರ್ದ್ ಸಿಕ್ಕಾಳಂತಲ್ಲ?”

“ಯಾವ ಮೇಸ್ತ್ರಿ?”

“ಸುರಪುರದಾಗ ನಿನಗ ಎಷ್ಟು ಮಂದಿ ಮೇಸ್ತ್ರಿ ಅದಾರ? ಶ್ರೀಮಂತ! ಪೋಸ್ಟಾಫೀಸಿನ ಸಪ್ನಾಗ ಮೂರು ಗಾಲಿ ಗಾಡಿ ಕಲ್ಸಾಕತ್ತಾನ. ಐದು ದಿನ ಆತು, ತಿಂಥಣಿ ಬ್ರಿಜ್ ಮ್ಯಾಗ. ನಮ್ಮ ತೌಫೀಕ್ ಬಸ್ಸಿನ್ಯಾಗಿಂದ ನೋಡ್ಯಾನ. ಹ್ಯಾಂಡಲ್ ಮ್ಯಾಗ ಕೈ ಇಟ್ಕೊಂಡು ಹೇಳಿಕೊಡ್ತಿದ್ದನಂತ.”

“ಯಾರ ಕೈ?”

“ಅದೇನು ಕೇಳ್ತಿ? ಇಬ್ಬರದೂ!”

ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆಯಾಡಿತು. ಭಾರತಿ ಅದನ್ನು ಬರಿಗೈಯಲ್ಲೇ ಎತ್ತಿ ಬಿಸಾಡಿದಳು. ಬೆರಳು ಸುಟ್ಟಿತು. ಸುಟ್ಟದ್ದು ಬೆರಳೊಂದೇ ಅಲ್ಲ.

ಗಂಡ ತೀರಿಕೊಂಡು ನಾಲ್ಕು ವರ್ಷ. ಹೋದ ವರ್ಷ ಶಹಾಪುರದಲ್ಲಿ ಹಳೆಯ ಗಾಡಿಯೊಂದನ್ನು ಕೊಂಡಿದ್ದಳು: ಮುಂದೆ ಮೋಟರ್‌ಸೈಕಲ್ಲು, ಹಿಂದೆ ಎರಡು ಗಾಲಿಯ ಟ್ರಾಲಿ. ಕಲಿಸಲು ಬಂದವನು ಮೆಕ್ಯಾನಿಕ್ ಶ್ರೀಮಂತ. ಎರಡು ತಿಂಗಳು ದಿನಾ ಬೆಳಿಗ್ಗೆ ಕಾಲುವೆ ರಸ್ತೆಯಲ್ಲಿ ಅವಳ ಹಿಂದೆ ಕೂತು ಕಲಿಸಿದ. ಯಾದಗಿರಿಗೆ ಕರೆದುಕೊಂಡು ಹೋಗಿ ಲೈಸೆನ್ಸ್ ಮಾಡಿಸಿದ. ಮಲ್ಲಿ ಒಂದು ದಿನವೂ ತಪ್ಪಿಸದೆ ಅವರಿಬ್ಬರ ನಡುವೆ ತೂರಿಕೊಂಡು ಕೂತಿರುತ್ತಿದ್ದಳು.

ಆಷಾಢದ ಗಾಳಿ ಶುರುವಾದಾಗ ಅವನು ಹೇಳಿದ್ದ, “ಎರಡು ಗಾಲಿ ಗಾಡಿ ಗಾಳಿಗೆ ತಾನೇ ಬಾಗ್ತದರಿ. ಮೂರು ಗಾಲಿದು ಬಾಗಂಗಿಲ್ಲ. ಅದು ಬಾಗಲಿಲ್ಲಂದ್ರ ನೀವು ಬಾಗಬೇಕು. ಗಾಳಿ ಬರೂ ಕಡೆ ಮೈ ಹಾಕ್ರಿ. ಹ್ಯಾಂಡಲ್ ಬಿಗಿ ಹಿಡಿಬ್ಯಾಡ್ರಿ, ಗುಬ್ಬಿ ಮರಿ ಹಿಡಿದಂಗ ಹಿಡೀರಿ.”

ಗುಬ್ಬಿ ಮರಿ! ಆ ಮಾತನ್ನು ಭಾರತಿ ಒಂದು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಂತೆ ಇಟ್ಟುಕೊಂಡಿದ್ದಳು. ಅದು ತನಗೊಬ್ಬಳಿಗೇ ಹೇಳಿದ ಮಾತೆಂದು ತಿಳಿದಿದ್ದಳು. ಈಗ ಅದೇ ಗುಬ್ಬಿ ಸಪ್ನಾಳ ಕೈಯಲ್ಲೂ ಕೂತಿದೆ.

ಡಬ್ಬಿ ಏರಿಸುವಾಗ ಟ್ರಾಲಿಯ ಬಲ ಮೂಲೆಯಲ್ಲಿದ್ದ ಒರಳುಕಲ್ಲಿನ ಗುಂಡು ಕಣ್ಣಿಗೆ ಬಿತ್ತು. ಕಡಕ್ ರೊಟ್ಟಿ ಹಗುರ, ಡಬ್ಬಿಯ ಸಾಲು ಎತ್ತರ, ಗಾಳಿ ಹೊಡೆದರೆ ಗಾಡಿ ಮಗುಚುತ್ತದೆ ಎಂದು ಶ್ರೀಮಂತನೇ ತನ್ನ ಮನೆಯಿಂದ ಹೊತ್ತು ತಂದಿಟ್ಟಿದ್ದ. ಹೋಗುವಾಗ ಬಲಕ್ಕೆ, ಬರುವಾಗ ಎಡಕ್ಕೆ, ಗಾಳಿ ಬೀಸುವ ಬದಿಗೆ ಅದನ್ನು ಉರುಳಿಸಬೇಕು. ಭಾರತಿ ಗುಂಡನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ಅಂಗಳಕ್ಕೆ ಕೆಡವಿದಳು.

“ಅವ್ವಾ, ಅದು ಗಾಳಿ ಕಲ್ಲು!” ಅಂದಳು ಮಲ್ಲಿ.

“ಅವರ ಕಲ್ಲು ಅವರಿಗೇ ಇರ್ಲಿ. ನನಗೇನು ಬ್ಯಾಡ. ಹತ್ತು ಗಾಡಿ.”

ಭಾನುವಾರ, ಮಲ್ಲಿಗೆ ಶಾಲೆಯಿಲ್ಲ. ದಾರಿಯುದ್ದಕ್ಕೂ ಹುಡುಗಿ ತಾಯಿಯ ಬೆನ್ನಿಗೆ ಕೆನ್ನೆ ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ಎರಡು ಸಲ ‘ಅವ್ವಾ’ ಅಂದು ನುಂಗಿಕೊಂಡಳು.

ಸೇತುವೆಯ ಈಚೆ ತುದಿಯ ಬೇವಿನ ಮರದ ಕೆಳಗೆ ಇಬ್ಬರೂ ಇದ್ದರು. ಸಪ್ನಾ ಪಕ್ಕದ ಗಾಲಿ ಹಾಕಿಸಿದ ಕೆಂಪು ಗಾಡಿಯ ಮೇಲೆ ಕೂತಿದ್ದಳು. ಕುಂಟುವ ಕಾಲನ್ನು ಹುಷಾರಾಗಿ ಚಾಚಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ನಗು ಚಂದ. ಇಷ್ಟು ಚಂದ ಇರಬಾರದಿತ್ತು ಅನ್ನಿಸಿತು ಭಾರತಿಗೆ.

“ಮಾಮಾ!” ಮಲ್ಲಿ ಗಾಡಿ ನಿಲ್ಲುವುದರೊಳಗೆ ಇಳಿದು ಓಡಿದಳು.

“ಬರ್ರಿ ಭಾರತಿಯವರ,” ಶ್ರೀಮಂತ ಎಣ್ಣೆಗೈ ಒರೆಸುತ್ತ ಬಂದ. ಅವನ ಕಣ್ಣು ಮೊದಲು ಅವಳ ಮುಖಕ್ಕೆ, ಆಮೇಲೆ ಟ್ರಾಲಿಯ ಮೂಲೆಗೆ ಹೋಯಿತು. “ಕಲ್ಲು ಎಲ್ಲಿರಿ?”

“ಎದಿ ಮ್ಯಾಗ ಇಟ್ಕೊಂಡೀನ್ರಿ.”

“ಚಾಷ್ಟಿ ಬ್ಯಾಡ್ರಿ. ಗಾಳಿ ಜೋರದ ಇವತ್ತು.”

“ಗಾಳಿಗೆ ಅಂಜೂವರಿಗೆ ಕಲಿಸ್ರಿ ನೀವು. ನಾ ಕಲ್ತು ವರ್ಷ ಆತು.” ಅವಳು ಮಗಳತ್ತ ತಿರುಗಿದಳು. “ನೀ ಇಲ್ಲೇ ಇರು ಮಲ್ಲಿ. ಡಬ್ಬಿ ಇಟ್ಟು ಬರ್ತೀನಿ.”

ಅವನು ಮಾತಾಡುವಷ್ಟರಲ್ಲಿ ಗಾಡಿ ಸೇತುವೆಗೆ ಹತ್ತಿತ್ತು.

ಕೃಷ್ಣೆಯ ಮೇಲೆ ಪಡುವಣ ಗಾಳಿಗೆ ಅಡ್ಡಿಯಿಲ್ಲ. ಬಲಗಡೆಯಿಂದ ನೇರ ಪಕ್ಕೆಗೆ ಹೊಡೆಯಿತು. ಭಾರತಿ ಹಲ್ಲು ಕಚ್ಚಿ ಹ್ಯಾಂಡಲ್ ಬಿಗಿಹಿಡಿದಳು. ಗಾಳಿ ಎಡಕ್ಕೆ ನೂಕಿದಷ್ಟೂ ಅವಳು ಬಲಕ್ಕೆ ಎಳೆದಳು. ಎದುರಿಗೆ ಭತ್ತದ ಲಾರಿ ಬಂತು. ಅದರ ಮರೆಯಲ್ಲಿ ಗಾಳಿ ಒಮ್ಮೆಲೇ ನಿಂತು, ಗಾಡಿ ಬಲಕ್ಕೆ ಜಿಗಿಯಿತು; ಲಾರಿ ದಾಟಿದ್ದೇ ಎರಡು ಪಟ್ಟು ಗಾಳಿ ಬಡಿಯಿತು. ಡಬ್ಬಿಗಳಿಗೆ ಹೊದಿಸಿದ ತಾಡಪತ್ರಿ ಹಾಯಿಯಂತೆ ಉಬ್ಬಿತು. ಬಲಗಡೆಯ ಹಿಂದಿನ ಗಾಲಿ ನೆಲ ಬಿಟ್ಟಿತು. ಎಡಕ್ಕೆ ಕಟಕಟೆ, ಅದರಾಚೆ ಹೊಳೆ.

“ಏ ಭಾರತೀ! ಬ್ರೇಕ್ ಒತ್ತಬ್ಯಾಡ! ಕೈ ಸಡ್ಲ ಬಿಡು! ಮೈ ಬಲಕ್ಕ ಹಾಕು!”

ಹಿಂದಿನಿಂದ ಶ್ರೀಮಂತ ಕೂಗುತ್ತ ಓಡಿ ಬರುತ್ತಿದ್ದ. ಅವಳ ಬೆರಳುಗಳು ತಾವಾಗಿಯೇ ಸಡಿಲಾದವು. ಮೆಲ್ಲಗೆ ಎಕ್ಸಿಲರೇಟರ್ ಇಳಿಸಿದಳು, ಸೊಂಟದಿಂದ ಮೇಲೆ ಗಾಳಿಯ ಕಡೆಗೆ ಒರಗಿದಳು. ಗಾಲಿ ಧಡ್ ಎಂದು ನೆಲಕ್ಕೆ ಬಿತ್ತು. ಒಂದು ಡಬ್ಬಿ ಉರುಳಿ ರೊಟ್ಟಿ ಚೂರುಚೂರಾಗಿ ಹಾರಿಹೋದವು. ಗಾಡಿ ನಿಂತಿತು.

ಶ್ರೀಮಂತ ಏದುಸಿರು ಬಿಡುತ್ತ ಬಂದವನೇ ಟ್ರಾಲಿಯ ಬಲ ಅಂಚಿಗೆ ಹತ್ತಿ ಕೂತ.

“ಇಳೀರಿ,” ಅಂದಳು.

“ಕಲ್ಲು ಮಾತಾಡಂಗಿಲ್ಲ. ನಡಿ.”

ಒಂದು ವರ್ಷದಿಂದ ‘ರಿ’ ಬಿಡದವನು ಇವತ್ತು ಬಿಟ್ಟಿದ್ದ. ಅದು ಅವನಿಗೆ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಯಿತು. ಗಾಡಿ ಮೆಲ್ಲಗೆ ಹೊರಟಿತು.

“ಯಾಕ ಹಿಂಗ ಮಾಡಿದಿ?” ಗಾಳಿಯಲ್ಲಿ ಮಾತು ಕೇಳಿಸಲು ಅವನು ಅವಳ ಭುಜದ ಹತ್ತಿರ ಬಾಗಬೇಕಾಯಿತು.

“ಅಕಿಗೂ ಗುಬ್ಬಿ ಮರಿ ಅಂತ ಹೇಳ್ಕೊಟ್ರೇನು?”

ಶ್ರೀಮಂತನ ನಗು ಅವಳ ಕಿವಿಗೇ ತಗುಲಿತು.

“ಇಲ್ಲ. ಸಪ್ನಾಗ ಮೊಸರಿನ ಗಡಗಿ ಹಿಡಿದಂಗ ಹಿಡಿ ಅಂದೀನಿ.”

“ಹೌದಾ?”

“ಅಕಿ ಕ್ಲಾಸ್ ಇವತ್ತಿಗೆ ಮುಗೀತು. ಆರು ದಿನ. ನಿನಗ ಎಷ್ಟು ದಿನ ಕಲಿಸಿದೆ?”

“ಎರಡು ತಿಂಗಳು.”

“ನೀ ಮೂರನೇ ದಿನಕ್ಕ ಕಲ್ತಿದ್ದಿ, ಭಾರತಿ. ನಾನೇ ದಿನಾ ಒಂದೊಂದು ತಪ್ಪು ಹುಡುಕಿ ಹೇಳ್ತಿದ್ದೆ.”

ಸೇತುವೆ ಮುಗಿಯುತ್ತಿತ್ತು. ಭಾರತಿ ಕನ್ನಡಿಯಲ್ಲಿ ಅವನ ಮುಖ ನೋಡಿದಳು. ಅವನು ನೋಡುತ್ತಲೇ ಇದ್ದ. ಅವಳು ಕಣ್ಣು ತೆಗೆದಳು, ಮತ್ತೆ ನೋಡಿದಳು.

“ನನಗ ಗೊತ್ತಿತ್ತು,” ಅಂದಳು. “ಆ ತಪ್ಪು ನಾನೇ ಬೇಕಂತ ಮಾಡ್ತಿದ್ದೆ.”

ಖಾನಾವಳಿಯಲ್ಲಿ ಡಬ್ಬಿ ಇಳಿಸುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹೊರಳಿ ಬರುವಾಗ ಅವನು ಎಡ ಅಂಚಿಗೆ ಕೂತ.

“ಕಲಿಸೂದು ಏನೂ ಉಳಿದಿಲ್ಲ. ನಿಮ್ಮ ಮನಿಗೆ ಬರಾಕ ನೆಪ ಸಿಗವಲ್ದು,” ಅಂದ. “ನೆಪ ಇಲ್ದ ಬರ್ಲೇನು?”

“ಮಂದಿ ಏನಂತಾರ?”

“ನಮ್ಮಿಬ್ಬರ ಸುದ್ದಿ ಚಾಂದಬೀ ಆಗ್ಲೇ ಊರ ತುಂಬ ಅಂದಾಳ. ಇನ್ನ ಮಂದಿಗೆ ಏನು ಉಳೀತು?”

ಅವಳಿಗೆ ನಗು ತಡೆಯಲಾಗಲಿಲ್ಲ. “ಬಂದ್ರ ಹೊಳ್ಳಿ ಹೋಗೂದಿಲ್ಲ ಅನ್ನೂದಾದ್ರ ಬರ್ರಿ. ಆದ್ರ ಮಲ್ಲಿನ್ನ ಕೇಳಬೇಕು.”

ಬೇವಿನ ಮರದ ಕೆಳಗೆ ಮಲ್ಲಿ ಸಪ್ನಾಳ ಕೈ ಹಿಡಿದು ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ಗಾಡಿ ನಿಂತದ್ದೇ ಓಡಿ ಬಂದು ತಾಯಿಯ ಸೊಂಟ ತಬ್ಬಿದಳು. ಭಾರತಿ ಅವಳ ನೆತ್ತಿಗೆ ಮುಖ ಒತ್ತಿ, “ತಪ್ಪಾತವ್ವ, ಇನ್ನೊಮ್ಮೆ ಹಂಗ ಹೋಗಂಗಿಲ್ಲ,” ಅಂದಳು.

“ಅಂಜಿದ್ಲರಿ ಭಾಳ,” ಅಂದಳು ಸಪ್ನಾ. “ನನಗೂ ಎದಿ ಹಾರಿ ಹೋಗಿತ್ತು. ಮೇಸ್ತ್ರಿ ಓಡಿದ್ದು ನೋಡಿದ್ರ, ಅವರ ಎದಿ ಅಂತೂ ಇಲ್ಲಿ ಇದ್ದಿಲ್ಲ ಬಿಡ್ರಿ.”

ಆ ಚಂದದ ನಗುವಿಗೆ ಭಾರತಿ ಮೊದಲ ಸಲ ನಗು ಕೊಟ್ಟಳು.

ಮಲ್ಲಿ ತಲೆಯೆತ್ತಿ ಶ್ರೀಮಂತನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಹೆಗಲಿನ ಅಗಲ ಎಷ್ಟು, ಕಾಲಿನ ಉದ್ದ ಎಷ್ಟು ಎಂದು ಲೆಕ್ಕ ಹಾಕುವಂತೆ ನೋಡಿದಳು. ಆಮೇಲೆ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಇನ್ನೂ ಬಿಗಿಯಾಗಿ ಹಿಡಿದಳು.

“ಅವ್ವಾ, ಈಗರ ಕೇಳ್ಲೇನು?”

“ಕೇಳವ್ವ.”

“ಮಾಮಾ ನಮ್ಮನಿಗೇ ಇರಾಕ ಬರ್ತಾನ ಅಂತ ಚಾಂದಬೀ ಅಂತಾಳ. ಬರ್ಲಿ. ಆದ್ರ ನಿನ್ನ ಮಗ್ಗಲಾಗ ಮಲಗೂದು ಯಾರು? ನಾನೋ, ಅವನೋ?”