ಪರಿಚಯವಿಲ್ಲದ ಪ್ರಬಂಧ

“ಈ ಪ್ರಬಂಧ ಓದುತ್ತ ಊಟ ಮರೆತೆ... ನಿದ್ದೆ ಮರೆತೆ...”

ಗಂಟಲು ಗಡಸು ಮಾಡಿಕೊಂಡು ಅವಳು ಫೋನಿನಲ್ಲಷ್ಟೇ ಕೇಳಿದ್ದ ಅವನ ದನಿಯನ್ನು ಅಣಕಿಸಿದಳು. ಊಟದ ಡಬ್ಬಿ ತಂದಿದ್ದ ತಂಗಿ ನಗಲಿಲ್ಲ, ಬಾಗಿಲ ಕಡೆ ಕಣ್ಣು ತೋರಿಸಿದಳು.

“ನಡುವೆ ಒಂದು ಕೆಮ್ಮು ಬಿಟ್ಟುಹೋಯ್ತು,” ಅಂದಿತು ಬಾಗಿಲಿನಿಂದ ಅದೇ ದನಿ.

ಅವಳು ಕೈಯಲ್ಲಿದ್ದ ಗರಿಗಳ ತಟ್ಟೆಯನ್ನು ಲ್ಯಾಬಿನ ಮೇಜಿನ ಮೇಲಿಟ್ಟು ತಿರುಗಿದಳು. ಅವನನ್ನು ಅವಳು ಕಂಡದ್ದು ಅದೇ ಮೊದಲು.

ವಿಶ್ವವಿದ್ಯಾಲಯಗಳ ಬೀರುಗಳಲ್ಲಿ ಧೂಳು ತಿನ್ನುವ, ಅಚ್ಚಾಗದ ಪ್ರಬಂಧಗಳನ್ನು ಹುಡುಕಿ ಜಾಲತಾಣಕ್ಕೆ ಏರಿಸುವುದು ಅವನ ಕೆಲಸ. ಅದೂ ಹಕ್ಕಿಯ ಗರಿಗಳ ಮೇಲಿನವು ಮಾತ್ರ. ಪ್ರತಿಯೊಂದಕ್ಕೂ ಅವನೇ ಬರೆದ ನಾಲ್ಕು ಸಾಲಿನ ಪರಿಚಯ. ಗಿಳಿಗಳ ಬಗ್ಗೆ ಬರೆದ ಡಾಕ್ಟರಮ್ಮನಿಗಂತೂ ಊಟ ಮರೆತೆ, ನಿದ್ದೆ ಮರೆತೆ ಅಂತ ಹೊಗಳಿಕೆಯ ಹೊಳೆ.

ಇವಳ ಪ್ರಬಂಧಕ್ಕೆ? ಹೆಸರು, ವರ್ಷ. ಅಷ್ಟೇ.

ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಹರಟಿದವನು... ನಾಲ್ಕು ಸಾಲಿಗೆ ಬಡತನವೇ?

“ನಿಮ್ಮ ಪ್ರಬಂಧದ ಚಿತ್ರಗಳನ್ನ ಸ್ಕ್ಯಾನ್ ಮಾಡೋಕೆ ಬಂದೆ,” ಅಂದ.

“ಬೇಡ. ನನ್ನ ಪ್ರಬಂಧಾನೇ ತೆಗೆದುಬಿಡಿ. ಆ ಪಂಚರಂಗಿ ಗಿಳಿ ಪಕ್ಕ ನನ್ನ ಕರಿ ಕಾಗೆ ಯಾಕೆ?”

“ಏನೋ ಸೀದ ವಾಸನೆ... ಡಬ್ಬೀದಲ್ಲ, ಅಕ್ಕನ ಹೊಟ್ಟೇದು,” ಎಂದ ತಂಗಿ ಮೆಲ್ಲಗೆ ಹೊರಗೆ ಜಾರಿದಳು.

ಅವನು ತಲೆ ತಗ್ಗಿಸಿದ. “ನಿಮ್ಮದಕ್ಕೂ ಪರಿಚಯ ಬರೆದಿದ್ದೆ. ಬೇಕಾದಷ್ಟು ಸಲ. ಎಲ್ಲಾ ಅಳಿಸಿದೆ.”

“ಅಷ್ಟು ಕೆಟ್ಟದಾಗಿತ್ತಾ?”

“ಪರಿಚಯದಲ್ಲಿ ಪಕ್ಷಪಾತ ಇರಬಾರದು ಅಂತ ನಿಯಮ ಹಾಕ್ಕೊಂಡಿದೀನಿ.”

“ಗಿಳಿಯಮ್ಮನಿಗೆ ಮಾತ್ರ ನಿಯಮ ಇಲ್ವಾ?”

“ಅಲ್ಲಿ ಪ್ರಬಂಧ ಬಿಟ್ಟು ಬೇರೇನೂ ನೆನಪಾಗಲಿಲ್ಲ. ನಿಮ್ಮದರ ಬಗ್ಗೆ ಶುರು ಮಾಡಿದ್ರೆ, ಎರಡನೇ ಸಾಲಿಗೇ ನಿಮ್ಮ ನಗು ಬಂದು ಕೂತ್ಕೊಳ್ಳುತ್ತೆ. ನಾನೇನು ಮಾಡ್ಲಿ?”

ಹೊಟ್ಟೆಯೊಳಗಿನ ಉರಿ ಕೆನ್ನೆಗೇರಿತು. ಆದರೂ ಅಷ್ಟು ಸುಲಭಕ್ಕೆ ಸೋಲುವುದೇ?

“ನನ್ನ ಪ್ರಬಂಧದ ವಿಷಯ ಏನು ಹೇಳಿ?” ಅಂದಳು, ಮೇಷ್ಟರ ಗತ್ತಿನಲ್ಲಿ.

“ಕಾಗೆ ರೆಕ್ಕೆ ಗರಿ ಉದುರೋದು.”

“ಪಕ್ಷ ಅಂದ್ರೆ ರೆಕ್ಕೆ. ಪಾತ ಅಂದ್ರೆ ಬೀಳೋದು. ಪಕ್ಷಪಾತ ಇಲ್ಲದೆ ನನ್ನ ಪ್ರಬಂಧಕ್ಕೆ ಪರಿಚಯ ಬರೆಯೋಕೆ ಆಗುತ್ತೇನ್ರೀ?”

ಅವನು ನಕ್ಕುಬಿಟ್ಟ.

“ಹಾಗಾದ್ರೆ ಪ್ರಬಂಧ ಇರಲಾ, ತೆಗೀಲಾ?”

“ಇರಲಿ. ಕಾಗೆ ವಿಷಯ ಎಲ್ಲರಿಗೂ ಬರೀರಿ. ಮಿಕ್ಕಿದ್ದನ್ನ... ನನಗೆ ಮಾತ್ರ ಹೇಳಿ.”

ಅವನು ಸ್ಕ್ಯಾನರಿನ ಚೀಲ ಕೆಳಗಿಟ್ಟ.

“ನಿಮ್ಮ ಮೇಲೆ ಮನಸ್ಸಾಗಿದೆ.”

ಅವಳು ಅವನ ಕಡೆ ಸ್ಟೂಲು ಸರಿಸಿ, ತಾನೂ ಎದುರಿಗೆ ಕೂತಳು.

“ನನಗೂ,” ಅಂದಳು. “ತೀರಾ ಚಿಕ್ಕದಾಯ್ತೇನೋ?”

“ಇಲ್ಲ. ಇನ್ನೊಂದು ಸಲ ಹೇಳಿ... ಸಾಕು.”