ಗರಗಸದ ಉಳಿದರ್ಧ

ಇದು ನಮ್ಮ ದೊಡ್ಡಪ್ಪ ತಿರುಮಲರಾಯರ ಬಾಯಿಂದಲೇ ನಾನು ಕೇಳಿದ್ದು. ಸುಳ್ಳು ಹೇಳುವ ಜಾಯಮಾನ ಅವರದಲ್ಲ.

೧೯೫೮ರಲ್ಲಿ, ಕೆಲಸದಿಂದ ನಿವೃತ್ತರಾದ ಮೇಲೆ, ಮದರಾಸಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅವರು ಒಂದು ಕೈಗರಗಸ ಆರಿಸಿದರು. ಅಲಗನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದರು. ಬಗ್ಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಯಿತು. ಹಲ್ಲು ಮೊಂಡಾಗಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ವೆಸ್ಟ್ ಮಾಂಬಲಂ ಮನೆಯ ಜಗುಲಿಯಲ್ಲಿ ಕೂತು, ಅರದಿಂದ ಅರ್ಧ ಹಲ್ಲುಗಳನ್ನು ಉಜ್ಜಿ ಹರಿತ ಮಾಡಿ, ಕಾಫಿಪುಡಿ ತರಲು ಹೋದರು. ಬರುವಷ್ಟರಲ್ಲಿ ಉಳಿದರ್ಧವೂ ಹರಿತವಾಗಿತ್ತು. ಅರ ಮುಟ್ಟಿದರೆ ಬಿಸಿ.

"ಯಾರು ಬಂದಿದ್ರೇ?" ಎಂದು ದೊಡ್ಡಮ್ಮನನ್ನು ಕೇಳಿದರು.

"ಯಾರೂ ಇಲ್ವಲ್ಲ. ನೀವೇ ಉಜ್ಜುತಾ ಇದ್ರಿ, ಸದ್ದು ನಿಲ್ಲಲೇ ಇಲ್ಲ. ಅಂಗಡಿಗೆ ಯಾವಾಗ ಹೋದ್ರಿ?"

ದೊಡ್ಡಪ್ಪ ಗರಗಸವನ್ನು ಮತ್ತೆ ಕಣ್ಣಿನ ನೇರಕ್ಕೆ ಹಿಡಿದು ನೋಡಿದರು. ಆ ಹಲ್ಲುಗಳು ತಾವು ಉಜ್ಜಿದ್ದಕ್ಕಿಂತ ಸಮವಾಗಿದ್ದವು. ಆಮೇಲೆ ಗರಗಸ ಮೊಂಡಾದಾಗಲೆಲ್ಲ ಅವರು ಅರ್ಧ ಉಜ್ಜಿ, ಅರ ಕೆಳಗಿಟ್ಟು, ನೆಮ್ಮದಿಯಾಗಿ ಒಳಗೆ ಹೋಗಿ ಕಾಫಿ ಕುಡಿಯುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು.

ಒಮ್ಮೆ ಅವರು ಜ್ವರ ಬಂದು ಮಲಗಿದ್ದಾಗ, ಹಾಡುಹಗಲಲ್ಲೇ ಜಗುಲಿಯಿಂದ ಅರದ ಸದ್ದು ಬಂತು. ದೊಡ್ಡಮ್ಮ ಗಾಬರಿಯಿಂದ ಎದ್ದು ಹೊರಟರು.

"ಪರವಾಯಿಲ್ಲೆ, ಕೂತ್ಕೋ. ಕೆಲಸ ಮಾಡೋವ್ರಿಗೆ ಅಡ್ಡ ಹೋಗಬೇಡ" ಎಂದರು ದೊಡ್ಡಪ್ಪ.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಜ್ವರ ಬಿಟ್ಟ ಮೇಲೆ ಅವರು ಜಗುಲಿಗೆ ಹೋಗಿ ನೋಡಿದರೆ, ಗರಗಸದ ಅರ್ಧ ಹಲ್ಲು ಮಾತ್ರ ಹರಿತವಾಗಿತ್ತು. ಉಳಿದದ್ದನ್ನು ಉಜ್ಜೋಣವೆಂದು ಅರಕ್ಕಾಗಿ ಮನೆಯೆಲ್ಲ ಹುಡುಕಿದರು. ಅದು ಅವರ ತಲೆದಿಂಬಿನ ಕೆಳಗಿತ್ತು.