ಆ ಬೆಳಗಿನ ಅಲೆಯ ಎತ್ತರ

"ಬೋಟಿನ ಕೀ ಕೊಡಿ!"

"ಕೊಡಲ್ಲ."

ಜೆಟ್ಟಿಯ ಮೇಲೆ ಗಾಳಿ ಅವಳ ಕೂದಲನ್ನು ಮುಖಕ್ಕೆ ರಾಚುತ್ತಿತ್ತು. ಎದುರಿಗಿದ್ದವನು ಸಂಶೋಧನಾ ಕೇಂದ್ರಕ್ಕೆ ಹಿಂದಿನ ದಿನವಷ್ಟೇ ಬಂದ ಹೊಸ ವಿಜ್ಞಾನಿ. ಬೋಟಿನ ಜವಾಬ್ದಾರಿ ಅವನದು. ಮುಖಪರಿಚಯವೂ ಇಲ್ಲ... ಮೊದಲ ಮಾತಿಗೇ ಅಡ್ಡಗಾಲು!

"ಬಂದರಿನ ಬಾಯಲ್ಲಿ ನನ್ನ ಅಲೆಮಾಪಕ ತೇಲ್ತಾ ಇದೆ. ಈ ಬಿರುಗಾಳಿಗೆ ಅದರ ಹಗ್ಗ ಕಿತ್ತುಹೋದ್ರೆ ನನ್ನ ಪಿಎಚ್.ಡಿ. ಅಳತೆಗಳೆಲ್ಲ ನೀರುಪಾಲು! ಹೋಗಿ ಬರೋಕೆ ಎಷ್ಟು ಹೊತ್ತು?"

"ಹೋಗೋದೇನೋ ಹೋಗಬಹುದು. ಬರೋದಕ್ಕೆ ಗ್ಯಾರಂಟಿ ಇಲ್ಲ."

"ಹೇಡಿ!"

ಅವನು ಕೀಯನ್ನು ಜೇಬಿಗಿಳಿಸಿದ.

ಸಂಜೆಯೊಳಗೆ ಅಲೆಮಾಪಕ ಕಣ್ಮರೆಯಾಯಿತು.

"ಬೇಜಾರಾಗಬೇಡಮ್ಮ, ಮುಂದಿನ ವರ್ಷ ಮತ್ತೆ ಅಳೆಯೋಣ," ಎಂದರು ಗೈಡ್. ಫೋನಿನಲ್ಲಿ ಅಮ್ಮನದು ಬೇರೆಯದೇ ರಾಗ. "ಇನ್ನೂ ಒಂದು ವರ್ಷವಾ? ನೀನು ಸಮುದ್ರ ಅಳೆದು ಮುಗಿಸಿ ಮದುವೆಯಾಗೋದ್ರೊಳಗೆ ನನ್ನ ಹಲ್ಲೆಲ್ಲ ಉದುರಿರುತ್ತೆ ಕಣೇ!"

ಅವಳು ನಕ್ಕಳು. ಫೋನಿಟ್ಟ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಕಾರಿಡಾರಿನಲ್ಲಿ ಅವನು ಮಾತಾಡಿಸಲು ಬಂದಾಗಲೆಲ್ಲ ಮುಖ ತಿರುಗಿಸಿದಳು. ನನ್ನ ಒಂದು ವರ್ಷ ನುಂಗಿ ನೀರು ಕುಡಿದವನ ಜೊತೆ ನನಗೇನು ಮಾತು?

ಕೈಯಲ್ಲಿ ಉಳಿದಿದ್ದು ಅವಳೇ ಕಟ್ಟಿದ ಕಂಪ್ಯೂಟರ್ ಮಾದರಿಯೊಂದೇ. ಗಾಳಿಯ ವೇಗ, ನೀರಿನ ಆಳ, ಉಬ್ಬರವಿಳಿತ ಕೊಟ್ಟರೆ ಅಲೆ ಎಷ್ಟೆತ್ತರ ಏಳುತ್ತದೆಂದು ಅದು ಲೆಕ್ಕ ಹಾಕುತ್ತಿತ್ತು. ಒಂದು ಮಧ್ಯಾಹ್ನ ಅವಳು ಅದಕ್ಕೆ ಬಿರುಗಾಳಿಯ ಆ ಬೆಳಗಿನ ವಿವರಗಳನ್ನೇ ಕೊಟ್ಟಳು.

ಪರದೆಯ ಮೇಲೆ ಬಂದರಿನ ಬಾಯಿ ಕೆಂಪಗಾಯಿತು.

ಒಳಗಿನಿಂದ ಇಳಿತದ ಸೆಳೆತ, ಹೊರಗಿನಿಂದ ಅಲೆ. ಎರಡೂ ಎದುರುಬದುರಾದಲ್ಲಿ ನೀರು ಗೋಡೆಯಂತೆ ಎದ್ದು ಮುರಿಯುತ್ತಿತ್ತು. ಅವರ ಪುಟ್ಟ ಬೋಟಿನ ಎರಡರಷ್ಟು ಎತ್ತರ!

ಅವನು ಕೀ ಕೊಟ್ಟಿದ್ದರೆ... ಇವತ್ತು ಈ ಕುರ್ಚಿ ಖಾಲಿ ಇರುತ್ತಿತ್ತು!

ಅವನ ಕೋಣೆಗೆ ಓಡಿದಳು. ಇರಲಿಲ್ಲ.

"ದಡದಲ್ಲಿರ್ತಾನೆ," ಎಂದಳು ಹಿಂದೆಯೇ ಬಂದ ಪಕ್ಕದ ಮೇಜಿನ ಗೆಳತಿ. "ನಿನ್ನ ಅಲೆಮಾಪಕ ಎಲ್ಲಾದ್ರೂ ಬಂದು ಬಿದ್ದಿದೆಯಾ ಅಂತ ದಿನಾ ಹುಡುಕ್ತಾನೆ. ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಅವಳು ದಡದತ್ತ ಓಡಿದಳು.

ಅವನು ಪ್ಯಾಂಟು ಮಡಚಿಕೊಂಡು ಬಂಡೆಗಳ ಸಂದಿಯಲ್ಲಿ ಇಣುಕುತ್ತಿದ್ದ. ಅವಳನ್ನು ಕಂಡು ತಬ್ಬಿಬ್ಬಾದ.

"ಇನ್ನೂ ಸಿಕ್ಕಿಲ್ಲ... ಸಾರಿ."

"ಸಾರಿ ಕೇಳಬೇಕಾದವಳು ನಾನು! ಆ ಅಲೆಯ ಎತ್ತರ ಇವತ್ತು ಲೆಕ್ಕ ಹಾಕಿದೆ." ಅವಳು ಕಣ್ಣೊರೆಸಿಕೊಂಡಳು. "ಹೇಡಿ ಅಂದುಬಿಟ್ಟೆ ನಿಮ್ಮನ್ನ."

"ಸುಳ್ಳೇನಲ್ಲ. ಅವತ್ತು ನಿಜವಾಗಿಯೂ ಹೆದರಿದ್ದೆ. ನೀವು ಒಬ್ಬರೇ ಈಜಿಕೊಂಡು ಹೊರಟುಬಿಡ್ತೀರೇನೋ ಅಂತ!"

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನನ್ನ ಮೇಲೆ ಕೋಪ ಬರಲಿಲ್ವಾ?"

"ಬಂತು. ಆದ್ರೆ ದಿನಾ ನೀವು ಮುಖ ಊದಿಸಿಕೊಂಡು ಎದುರಿಗೆ ಹಾದುಹೋಗ್ತಿದ್ರಲ್ಲ... ಅಷ್ಟೇ ಸಾಕು ಅನ್ನಿಸ್ತಿತ್ತು. ಇದ್ದೀರಲ್ಲ, ಅಂತ." ಅವನು ತಲೆ ತಗ್ಗಿಸಿದ. "ಆಮೇಲಾಮೇಲೆ... ನೀವು ಹಾದುಹೋಗದ ದಿನ ಕೆಲಸವೇ ಸಾಗ್ತಿರಲಿಲ್ಲ."

ಅವಳೇ ಅವನ ಒದ್ದೆ ಕೈ ಹಿಡಿದಳು.

"ಇನ್ನೊಂದು ವರ್ಷ ಅಳೆಯೋದಿದೆ. ಜೊತೆಗಿರ್ತೀರಾ?"

"ಒಂದೇ ವರ್ಷವಾ?"

"ಮೊದಲು ಅಷ್ಟಕ್ಕೆ ಹೂಂ ಅನ್ನಿ... ಉಳಿದಿದ್ದು ಅಮ್ಮನ ಹತ್ತಿರ ನಾನು ಮಾತಾಡ್ತೀನಿ!"